ಭಾರದ ಫರ್ನಿಚರ್ ಶಿಫ್ಟ್ ಮಾಡಲು ಮೂವರ್ಸ್ ಕರೆಯುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀರು, ಮಂಚ, ಕಲ್ಲಿನ ಟೇಬಲ್, ಪಿಯಾನೋ, ಫ್ರಿಜ್ಜು. ಇಂಥವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಕಳಿಸುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಪಾತ್ರೆ ಸುತ್ತುವುದು, ಬಟ್ಟೆ ಮಡಚುವುದು ಇಲ್ಲಿಲ್ಲ. ಭಾರದ ಸಾಮಾನು ಮಾತ್ರ.

ನಾಲ್ಕು ಜನ ಸ್ನೇಹಿತರಿದ್ದಾರೆ. ದುಡ್ಡು ಕೊಟ್ಟು ಮೂವರ್ಸ್ ಯಾಕೆ ಬೇಕು?

ಎರಡು ಕುರ್ಚಿ, ಒಂದು ಸಣ್ಣ ಟೀಪಾಯಿ ಆದರೆ ಬೇಡ. ಸ್ನೇಹಿತರೇ ಸಾಕು.

ಗಟ್ಟಿ ಮರದ ಮೂರು ಬಾಗಿಲಿನ ಬೀರು ಅಂದರೆ ಮಾತು ಬೇರೆ. ಕೆಲಸಗಾರರ ಸುರಕ್ಷತೆ ಬಗ್ಗೆ ಕೆಲಸ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1991ರಲ್ಲಿ ತಿದ್ದಿದ ಒಂದು ಲೆಕ್ಕ ಇದೆ. ವಸ್ತು ಮೈಗೆ ಹತ್ತಿರ ಇದೆ, ಹಿಡಿ ಚೆನ್ನಾಗಿದೆ, ಸೊಂಟ ತಿರುಗಿಸಬೇಕಿಲ್ಲ, ಹೀಗೆ ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತುವುದಕ್ಕೆ ಅದು ಹೇಳುವ ಮಿತಿ 23 ಕೆಜಿ. ಬೀರುವಿಗೆ ಹಿಡಿಯೇ ಇರುವುದಿಲ್ಲ. ಮೆಟ್ಟಿಲಲ್ಲಿ ಸೊಂಟ ತಿರುಗಿಸದೆ ಆಗುವುದೂ ಇಲ್ಲ. ಅದೂ ಅಲ್ಲದೆ ಮೆಟ್ಟಿಲಲ್ಲಿ ಭಾರ ಸಮವಾಗಿ ಹಂಚಿಹೋಗುವುದಿಲ್ಲ, ಕೆಳಗೆ ಹಿಡಿದವರ ಮೇಲೆ ಅರ್ಧಕ್ಕಿಂತ ಜಾಸ್ತಿ ಬೀಳುತ್ತದೆ. ಸ್ನೇಹಿತರಲ್ಲಿ ಕೆಳಗೆ ನಿಲ್ಲುವವರು ಯಾರು ಅಂತ ಮೊದಲೇ ಯೋಚಿಸಿ.

ಹಾಗಂತ ಮೂವರ್ಸ್‌ಗೆ ಕೊಡುವ ದುಡ್ಡು ತೋಳಿನ ಬಲಕ್ಕೆ ಅಂದುಕೊಳ್ಳಬೇಡಿ. ಅಳೆಯುವುದು, ಬಿಚ್ಚುವುದು, ಸುತ್ತುವುದು, ದಾರಿ ನೋಡಿಕೊಳ್ಳುವುದು, ಅಂದರೆ ಎತ್ತುವುದಕ್ಕೆ ಮೊದಲು ಆಗುವ ಕೆಲಸಕ್ಕೆ ಆ ದುಡ್ಡು. ಬಂದವರೇ ಬೀರುವಿಗೆ ಕೈ ಹಾಕುವ ತಂಡ ಕಂಡರೆ ನನಗೆ ಭಯ. ಮೊದಲು ಕೈಕಟ್ಟಿಕೊಂಡು ಮನೆ ಸುತ್ತಿ, ಬಾಗಿಲು ನೋಡಿ, ಮೆಟ್ಟಿಲು ಹತ್ತಿ ಇಳಿದು, ಆಮೇಲೆ ಟೂಲ್‌ಬಾಕ್ಸ್ ತೆಗೆಯುವವರು ನಿಧಾನ ಅನ್ನಿಸಬಹುದು. ಅವರನ್ನೇ ಇಟ್ಟುಕೊಳ್ಳಿ.

ನನ್ನ ಸಾಮಾನು ಎಷ್ಟು ಭಾರ ಅಂತ ಕೇಳುತ್ತಾರೆ. ತೂಕದ ಯಂತ್ರ ಇಲ್ಲವಲ್ಲ?

ಬೇಕಿಲ್ಲ. ಉದ್ದ, ಅಗಲ, ದಪ್ಪ ಗೊತ್ತಿದ್ದರೆ ಅಂದಾಜು ಸಿಗುತ್ತದೆ. 20 ಮಿಲಿಮೀಟರ್ ದಪ್ಪದ ಮಾರ್ಬಲ್ ಒಂದು ಚದರ ಮೀಟರಿಗೆ ಸುಮಾರು 54 ಕೆಜಿ ತೂಗುತ್ತದೆ. ಆರು ಜನ ಕೂರುವ ಟೇಬಲ್ 1.8 ಮೀಟರ್ ಉದ್ದ, 0.9 ಮೀಟರ್ ಅಗಲ ಇದ್ದರೆ ಮೇಲಿನ ಕಲ್ಲೇ 87 ಕೆಜಿ ದಾಟುತ್ತದೆ, ಕಾಲು ಬೇರೆ. 10 ಮಿಲಿಮೀಟರ್ ಗಾಜು ಚದರ ಮೀಟರಿಗೆ 25 ಕೆಜಿ.

ಜನ ಮೋಸ ಹೋಗುವುದು ಎಂಡಿಎಫ್ ವಿಷಯದಲ್ಲಿ, ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ. 'ಅದು ಮರ ಅಲ್ಲ, ಹಗುರ' ಅನ್ನುತ್ತಾರೆ. ತೇಗ ಒಂದು ಘನ ಮೀಟರಿಗೆ ಸುಮಾರು 650 ಕೆಜಿ ಇದ್ದರೆ ಎಂಡಿಎಫ್ ಸಾಮಾನ್ಯವಾಗಿ 700ರಿಂದ 750. ಬೀರುವಿನ ಬದಿಯ ಒಂದು ಹಲಗೆಯೇ 19 ಕೆಜಿ ಹತ್ತಿರ ಬರಬಹುದು. ಹಾಗಾಗಿ ಫೋನಿನಲ್ಲಿ 'ಸಣ್ಣ ಬೀರು ಅಷ್ಟೇ' ಅನ್ನಬೇಡಿ. ಅಳತೆ ಹೇಳಿ, ಯಾವುದರಿಂದ ಮಾಡಿದ್ದು ಹೇಳಿ, ಫೋಟೋ ಕಳಿಸಿ. ಇಬ್ಬರು ಬರಬೇಕೋ ನಾಲ್ವರೋ ಅನ್ನುವುದು ಇದರ ಮೇಲೆಯೇ ತೀರ್ಮಾನ ಆಗುತ್ತದೆ.

ಬಾಗಿಲಲ್ಲಿ ಹೋಗುತ್ತದೋ ಇಲ್ಲವೋ ಹೇಗೆ ತಿಳಿಯುವುದು?

ಜಾಸ್ತಿ ಜಗಳ ಆಗುವುದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಎರಡೂ ಮನೆಗಳಲ್ಲಿ ಟೇಪ್ ಹಿಡಿಯಿರಿ. ಹೊರಡುವ ಮನೆ ಅಳೆಯುವವರು ಬಹಳ ಜನ, ಸೇರುವ ಮನೆ ಅಳೆಯುವವರು ಕಡಿಮೆ. ಬಾಗಿಲು ಪೂರ್ತಿ ತೆರೆದಾಗ ನಿಜವಾಗಿ ಸಿಗುವ ಜಾಗ, ಪ್ಯಾಸೇಜಿನ ಅಗಲ, ಮೆಟ್ಟಿಲು ತಿರುಗುವ ಕಡೆ ಇರುವ ಚೌಕ, ಲಿಫ್ಟಿನ ಬಾಗಿಲು, ಲಿಫ್ಟಿನ ಒಳಗಿನ ಎತ್ತರ, ಇಷ್ಟೂ ಬರೆದುಕೊಳ್ಳಿ. ಲಿಫ್ಟಿನ ಒಳಗೆ ಬರೆದಿರುವ ಭಾರದ ಮಿತಿಯನ್ನೂ ನೋಡಿ, ಅದರಲ್ಲಿ ಜೊತೆಗೆ ಹೋಗುವ ಜನರ ತೂಕವೂ ಸೇರುತ್ತದೆ. ಒಂದೆರಡು ಸೆಂಟಿಮೀಟರ್ ಸಾಲದಿದ್ದರೆ ಬಾಗಿಲನ್ನೇ ಕೀಲಿನಿಂದ ಕಳಚಬಹುದು, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಇನ್ನೊಂದು ಅಳತೆ ಯಾರಿಗೂ ನೆನಪಾಗುವುದಿಲ್ಲ. ಅದು ಮೂಲೆಯಿಂದ ಮೂಲೆಗೆ ಓರೆ ಅಳತೆ. ಬೀರು 2.4 ಮೀಟರ್ ಎತ್ತರ, 60 ಸೆಂಟಿಮೀಟರ್ ಆಳ ಇದೆ ಅಂತಿಟ್ಟುಕೊಳ್ಳಿ. ಹೊಸ ಮನೆಯ ಸೀಲಿಂಗ್ 2.45 ಮೀಟರ್. ಹಿಡಿಸುತ್ತದೆ ಅಲ್ವಾ? ನಿಂತ ಮೇಲೆ ಹಿಡಿಸುತ್ತದೆ. ಮಲಗಿಸಿ ತಂದದ್ದನ್ನು ಎತ್ತಿ ನಿಲ್ಲಿಸುವಾಗ ಅದರ ಓರೆ ಅಳತೆ 2.47 ಮೀಟರ್ ಆಗುತ್ತದೆ, ಮೂಲೆ ಸೀಲಿಂಗಿಗೆ ತಾಗಿ ನಿಲ್ಲುತ್ತದೆ. ಆಗ ಅಲ್ಲೇ ಬಿಚ್ಚಿ, ನಿಂತ ಸ್ಥಿತಿಯಲ್ಲೇ ಜೋಡಿಸಬೇಕು. ಅದು ಮೊದಲೇ ಗೊತ್ತಿದ್ದರೆ ಅರ್ಧ ಗಂಟೆ ಕೆಲಸ, ಗೊತ್ತಿಲ್ಲದಿದ್ದರೆ ಸಂಜೆಯಾದರೂ ಮುಗಿಯದು.

ಸೋಫಾ ತಿರುವಿನಲ್ಲಿ ಸಿಕ್ಕಿಕೊಳ್ಳುವುದು ಗಣಿತದವರನ್ನೂ ಕಾಡಿದೆ. ಒಂದು ಮೀಟರ್ ಅಗಲದ ಎಲ್ ಆಕಾರದ ಓಣಿಯಲ್ಲಿ ತಿರುಗಬಲ್ಲ ಅತಿ ದೊಡ್ಡ ಸೋಫಾ ಯಾವುದು ಅಂತ ಲಿಯೋ ಮೋಸರ್ 1966ರಲ್ಲಿ ಕೇಳಿದರು. 1992ರಲ್ಲಿ ಜೋಸೆಫ್ ಗರ್ವರ್ ಹೇಳಿದ ಆಕಾರದ ವಿಸ್ತೀರ್ಣ ಸುಮಾರು 2.2195 ಚದರ ಮೀಟರ್. ಅದಕ್ಕಿಂತ ದೊಡ್ಡದು ಆಗುವುದೇ ಇಲ್ಲ ಅನ್ನುವುದಕ್ಕೆ ಗಣಿತದ ಪುರಾವೆಯನ್ನು 2024ರಲ್ಲಿ ಜಿನೆಯಾನ್ ಬೇಕ್ ಮುಂದಿಟ್ಟರು. ಆದರೆ ಅದು ನೆಲದ ಮೇಲೆ ಜಾರುವ ಸೋಫಾ, ಎತ್ತುವ ಹಾಗಿಲ್ಲ. ಮೂವರ್ಸ್‌ಗೆ ಆ ನಿಯಮ ಇಲ್ಲ. ಅವರು ಸೋಫಾವನ್ನು ತುದಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಬೆನ್ನಿನ ಕಡೆಯನ್ನು ಮೊದಲು ಒಳಗೆ ಬಿಟ್ಟು, ಕೊಕ್ಕೆ ಹಾಕಿದ ಹಾಗೆ ಬಾಗಿಲ ಚೌಕಟ್ಟಿನ ಸುತ್ತ ತಿರುಗಿಸುತ್ತಾರೆ. ಕಾಲುಗಳನ್ನು ತಿರುಪಿ ತೆಗೆದರೆ ಇನ್ನೂ ಹತ್ತು ಸೆಂಟಿಮೀಟರ್ ಸಿಗಬಹುದು.

ಎಲ್ಲವನ್ನೂ ಬಿಚ್ಚಲೇಬೇಕಾ?

ಇಲ್ಲ. ಮಂಚ, ಡೈನಿಂಗ್ ಟೇಬಲ್, ಕಲ್ಲು ಅಥವಾ ಗಾಜಿನ ಹಲಗೆ ಇರುವ ಯಾವುದೇ ಟೇಬಲ್, ಇವನ್ನು ಬಿಚ್ಚಿ. ಹಳೆಯ ಕಾಲದ, ಮರಕ್ಕೆ ಮರ ಕಚ್ಚಿಸಿ ಅಂಟು ಹಾಕಿದ ಬೀರು ಬಿಚ್ಚಲು ಮಾಡಿದ್ದೇ ಅಲ್ಲ. ಅದರ ಡ್ರಾಯರ್, ಒಳಗಿನ ತಟ್ಟೆ, ಕನ್ನಡಿ ತೆಗೆದು ಹಾಗೆಯೇ ಒಯ್ಯಬೇಕು.

ಮರದ ಚೂರಿಗೆ ಅಂಟು ಬೆರೆಸಿ ಒತ್ತಿದ ಪಾರ್ಟಿಕಲ್ ಬೋರ್ಡಿನ ಬೀರು ಮಾತ್ರ ಎರಡೂ ಕಡೆ ಕಷ್ಟ. ಬಿಚ್ಚದೆ ಎತ್ತಿದರೆ ಕೀಲು ಸಡಿಲವಾಗುತ್ತದೆ. ಬಿಚ್ಚಿ ಜೋಡಿಸಿದರೆ ಸ್ಕ್ರೂ ಕೂತಿದ್ದ ತೂತು ಪುಡಿಯಾಗಿ ಮತ್ತೆ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಈಗಾಗಲೇ ಎರಡು ಸಲ ಬಿಚ್ಚಿದ ಬೀರು ಆಗಿದ್ದರೆ, ಸಾಗಿಸುವ ಖರ್ಚು ಅದರ ಬೆಲೆಗೆ ಸರಿಹೋಗುತ್ತದಾ ಅಂತ ಒಮ್ಮೆ ಕೇಳಿಕೊಳ್ಳಿ. ನನ್ನ ಮಟ್ಟಿಗೆ ಅಂಥದನ್ನು ಅಲ್ಲೇ ಬಿಟ್ಟು ಹೋಗುವುದು ಮೇಲು.

ಯಾರೇ ಬಿಚ್ಚಲಿ, ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಚಿಕ್ಕ ಚೀಲಕ್ಕೆ ಹಾಕಿ, ಮೇಲೆ ಯಾವುದರದ್ದು ಅಂತ ಬರೆದು, ಎಲ್ಲ ಚೀಲಗಳನ್ನು ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಒಳಗೆ ಸಾಮಾನು ಇಡುವ, ಮೇಲಕ್ಕೆ ಏಳುವ ಹೈಡ್ರಾಲಿಕ್ ಮಂಚ ಇದ್ದರೆ ಜೋಪಾನ. ಅದರ ಗ್ಯಾಸ್ ರಾಡ್‌ಗಳು ಹಾಸಿಗೆಯ ಭಾರಕ್ಕೆ ಲೆಕ್ಕ ಹಾಕಿ ಕೂರಿಸಿದ್ದು. ಹಾಸಿಗೆ ತೆಗೆದ ಮೇಲೆ ಹಲಗೆ ಜೋರಾಗಿ ಚಿಮ್ಮಿ ಮೇಲೇಳುತ್ತದೆ. ಪೂರ್ತಿ ತೆರೆದು, ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡು, ಆಮೇಲೆ ರಾಡ್ ಬಿಚ್ಚಬೇಕು.

ಬೀರುವಿನಲ್ಲಿ ಬಟ್ಟೆ ಹಾಗೇ ಬಿಡಬಹುದಾ?

ಬೇಡ. ಖಾಲಿ ಮಾಡಿ. ಡ್ರಾಯರಿನಲ್ಲಿ ಬಿಟ್ಟ ವಸ್ತು ಒಳಗೇ ಸರಿದಾಡಿ ಭಾರವನ್ನು ಒಂದು ಕಡೆಗೆ ಎಳೆಯುತ್ತದೆ, ಮೆಟ್ಟಿಲಲ್ಲಿ ಅದು ಅಪಾಯ. ಪುಸ್ತಕದ ಕಪಾಟಿನ ಮಾತಂತೂ ಎತ್ತಬೇಡಿ. ಪುಸ್ತಕಕ್ಕೆ ಸಣ್ಣ ಡಬ್ಬಗಳೇ ಸರಿ, ದೊಡ್ಡ ಡಬ್ಬ ತುಂಬಿದರೆ ತಳ ಬಿಚ್ಚಿಕೊಳ್ಳುತ್ತದೆ.

ಎಸ್ಟಿಮೇಟ್ ಒಬ್ಬೊಬ್ಬರದು ಒಂದೊಂದು ಥರ. ಹೇಗೆ ಹೋಲಿಸುವುದು?

ಮೊತ್ತ ಹೋಲಿಸಬೇಡಿ, ಮೊತ್ತದ ಒಳಗೆ ಏನಿದೆ ಅದನ್ನು ಹೋಲಿಸಿ. ಕೆಲವರು ಗಂಟೆ ಲೆಕ್ಕ, ಕೆಲವರು ಗಾಡಿಯಲ್ಲಿ ಹಿಡಿಸುವ ಜಾಗದ ಲೆಕ್ಕ, ದೂರದ ಸಾಗಣೆಗೆ ಕೆಲವು ಕಡೆ ತೂಕದ ಲೆಕ್ಕ. ಮುಖ್ಯವಾಗಿ ಕೇಳಬೇಕಾದ್ದು ಒಂದೇ. ಇದು ಬದಲಾಗದ ಮೊತ್ತವೋ, ಬರೀ ಅಂದಾಜೋ? ಅಂದಾಜಾದರೆ ಎಷ್ಟರ ತನಕ ಏರಬಹುದು ಅಂತ ಬರೆಸಿಕೊಳ್ಳಿ.

ಕೊನೆಗೆ ಬಿಲ್ ಉಬ್ಬಿಸುವ ಸಂಗತಿಗಳು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಲಿಫ್ಟ್ ಇಲ್ಲದ ಮಹಡಿ, ಗಾಡಿ ನಿಲ್ಲಿಸಲು ಹತ್ತಿರ ಜಾಗ ಇಲ್ಲದೆ ದೂರ ಹೊರಬೇಕಾದದ್ದು, ಬಿಚ್ಚಿ ಜೋಡಿಸುವ ಕೆಲಸ, ಪ್ಯಾಕಿಂಗ್ ಸಾಮಗ್ರಿ, ಕೀಲಿ ಸಿಗದೆ ಕಾಯಿಸಿದ ಹೊತ್ತು, ಕಿಟಕಿ ಅಥವಾ ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸುವುದು. ಇವನ್ನೆಲ್ಲ ನೀವೇ ಮೊದಲು ಹೇಳಿ. ಮುಚ್ಚಿಟ್ಟರೆ ಆ ದಿನ ನಷ್ಟ ನಿಮಗೇ, ಯಾಕೆಂದರೆ ಆಗ ಚೌಕಾಸಿ ಮಾಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮನೆಗೆ ಬಂದು ನೋಡದೆ, ವೀಡಿಯೋ ಕಾಲ್‌ನಲ್ಲೂ ನೋಡದೆ ಒಂದೇ ಮಾತಿಗೆ ರೇಟ್ ಹೇಳುವವರನ್ನು ನಾನು ನಂಬುವುದಿಲ್ಲ. ನೋಡದ ಬೀರುವಿಗೆ ಬೆಲೆ ಹೇಗೆ ಕಟ್ಟುತ್ತಾರೆ? ನೀವೂ ತೋರಿಸುವಾಗ ಅಟ್ಟ, ಹಿಂದಿನ ಕೋಣೆ, ಬಾಲ್ಕನಿ ಬಿಡಬೇಡಿ.

ಮೋಸ ಹೇಗೆ ಗುರುತಿಸುವುದು?

ಎಲ್ಲರಿಗಿಂತ ತೀರಾ ಕಡಿಮೆ ರೇಟ್. ಪೂರ್ತಿ ಹಣ ಮುಂಗಡ, ಅದೂ ನಗದು. ವಿಳಾಸ ಕೇಳಿದರೆ ಮಾತು ತೇಲಿಸುವುದು. ಗಾಡಿ ಮೇಲೆ ಒಂದು ಹೆಸರು, ರಸೀದಿ ಮೇಲೆ ಇನ್ನೊಂದು. ಇವುಗಳಲ್ಲಿ ಎರಡು ಕಂಡರೂ ಹಿಂದೆ ಸರಿಯಿರಿ.

ಅತಿ ಕೆಟ್ಟ ಆಟ ಅಂದರೆ ಎಲ್ಲ ಸಾಮಾನು ಗಾಡಿಗೆ ಏರಿಸಿ, ಬಾಗಿಲು ಹಾಕಿ, ಆಮೇಲೆ 'ಸಾಮಾನು ಹೇಳಿದ್ದಕ್ಕಿಂತ ಜಾಸ್ತಿ ಇದೆ, ಇನ್ನಷ್ಟು ಕೊಟ್ಟರೆ ಮಾತ್ರ ಇಳಿಸುತ್ತೇವೆ' ಅನ್ನುವುದು. ಇದು ಬೇರೆ ಬೇರೆ ದೇಶಗಳಲ್ಲಿ ನಡೆಯುವ ಹಳೆಯ ಮೋಸ. ಇದಕ್ಕೆ ಇರುವ ತಡೆ ಒಂದು ಹಾಳೆ. ಪ್ರತಿ ಭಾರದ ವಸ್ತುವಿನ ಹೆಸರು, ಒಪ್ಪಿದ ಮೊತ್ತ, ಎರಡೂ ವಿಳಾಸ, ದಿನಾಂಕ, ಇಬ್ಬರ ಸಹಿ. ಸಾಮಾನಿನ ಪಟ್ಟಿ ಬರೆದಿದ್ದರೆ 'ಜಾಸ್ತಿ ಇದೆ' ಅನ್ನುವ ಮಾತು ನಿಲ್ಲುವುದಿಲ್ಲ.

ಇನ್ನೊಂದು ಕೇಳಿ: ಬರುವವರು ನಿಮ್ಮದೇ ಕೆಲಸಗಾರರೋ, ಬೇರೆಯವರಿಗೆ ಕೆಲಸ ಒಪ್ಪಿಸುತ್ತೀರೋ? ಒಪ್ಪಿಸುವುದು ತಪ್ಪಲ್ಲ. ಆದರೆ ಮುರಿದರೆ ಉತ್ತರ ಕೊಡುವವರು ಯಾರು ಅಂತ ಗೊತ್ತಿರಬೇಕು.

'ಎಲ್ಲಕ್ಕೂ ಇನ್ಶೂರೆನ್ಸ್ ಇದೆ ಸಾರ್' ಅಂದರು. ಸಾಕಾ?

ಸಾಲದು. ಮೂವರ್ಸ್ ತಾವಾಗಿ ಹೊರುವ ಹೊಣೆ ಬೇರೆ, ವಿಮಾ ಕಂಪನಿಯ ಪಾಲಿಸಿ ಬೇರೆ. ಹೊಣೆಗೆ ಎಷ್ಟೋ ಕಡೆ ಮಿತಿ ಇರುತ್ತದೆ, ಕೆಲವು ಒಪ್ಪಂದಗಳಲ್ಲಿ ಅದು ವಸ್ತುವಿನ ಬೆಲೆಯ ಮೇಲಲ್ಲ, ತೂಕದ ಮೇಲೆ. ಹಗುರವಾದ ದುಬಾರಿ ವಸ್ತು ಇದ್ದರೆ ಅದರಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಪಾಲಿಸಿ ಕೈಗೆ ಕೊಟ್ಟಾಗ ಕೊನೆಯ ಪುಟದಿಂದ ಓದಿ. ಏನು ಕೊಡುವುದಿಲ್ಲ ಅನ್ನುವುದು ಅಲ್ಲಿರುತ್ತದೆ. ನೀವೇ ಪ್ಯಾಕ್ ಮಾಡಿದ ಡಬ್ಬದೊಳಗೆ ಒಡೆದದ್ದು, ಮೊದಲೇ ಇದ್ದ ಬಿರುಕು, ಹೊರಗೆ ಪೆಟ್ಟಿಲ್ಲದೆ ಒಳಗೆ ಕೆಟ್ಟ ಮೋಟರ್, ಇಂಥವು ಬಹಳ ಸಲ ಹೊರಗುಳಿದಿರುತ್ತವೆ. ಹೊಸದರ ಬೆಲೆ ಕೊಡುತ್ತಾರೋ, ಹಳೆಯದಾದ ಲೆಕ್ಕ ಕಳೆದು ಕೊಡುತ್ತಾರೋ ಅದನ್ನೂ ನೋಡಿ.

ಪ್ಲಾಸ್ಟಿಕ್ ಸುತ್ತಿದರೆ ಸಾಕಲ್ವಾ?

ಪಾಲಿಶ್ ಮಾಡಿದ ಮರದ ಮೇಲೆ ನೇರವಾಗಿ ಪ್ಲಾಸ್ಟಿಕ್ ಸುತ್ತಬಾರದು. ತೇವ ಒಳಗೇ ಉಳಿದು ಪಾಲಿಶ್ ಮಂಕಾಗುತ್ತದೆ, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಇನ್ನೂ ಬೇಗ. ಚರ್ಮದ ಸೋಫಾಕ್ಕೂ ಇದೇ ಮಾತು. ಮೊದಲು ದಪ್ಪ ಕಂಬಳಿ, ಮೂಲೆಗಳಿಗೆ ರಟ್ಟು, ಅದರ ಮೇಲೆ ಪ್ಲಾಸ್ಟಿಕ್. ಟೇಪ್ ಪ್ಲಾಸ್ಟಿಕ್ಕಿಗೆ ಅಂಟಬೇಕು, ಮರಕ್ಕೆ ಅಲ್ಲ.

ಕಲ್ಲು ಮತ್ತು ಗಾಜಿನ ಹಲಗೆಯನ್ನು ಯಾವತ್ತೂ ಅಡ್ಡಡ್ಡ ಮಲಗಿಸಿ ಹೊರಬಾರದು. ಅಂಚಿನ ಮೇಲೆ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ತನ್ನ ಭಾರಕ್ಕೇ ನಡುವೆ ಬಾಗಿ ಸೀಳುತ್ತದೆ. ಇದನ್ನು ತಿಳಿಯದ ತಂಡ ಮಾರ್ಬಲ್ ಮುಟ್ಟುವುದು ಬೇಡ.

ಫ್ರಿಜ್ ಮಲಗಿಸಿ ಒಯ್ಯಬಹುದಾ?

ಆದಷ್ಟು ನಿಲ್ಲಿಸಿಯೇ ಒಯ್ಯಲಿ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ, ತಕ್ಷಣ ಆನ್ ಮಾಡಿದರೆ ಕಂಪ್ರೆಸರ್ ಹಾಳಾಗಬಹುದು. ಮಲಗಿಸುವುದು ಅನಿವಾರ್ಯವಾದರೆ ಆಮೇಲೆ ನೆಟ್ಟಗೆ ನಿಲ್ಲಿಸಿ, ಒಂದು ದಿನ ಬಿಟ್ಟು ಪ್ಲಗ್ ಹಾಕಿ. ಹಿಂದಿನ ದಿನವೇ ಆಫ್ ಮಾಡಿ ಐಸ್ ಕರಗಿಸಿ ಒರೆಸಿಡಿ.

ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನಿಗೆ ಹಿಂದೆ ಟ್ರಾನ್ಸಿಟ್ ಬೋಲ್ಟ್ ಹಾಕಬೇಕು. ಹೊಸದು ಬಂದಾಗ ಟೆಕ್ನಿಷಿಯನ್ ಬಿಚ್ಚಿ ಕೊಟ್ಟಿದ್ದ ಆ ಉದ್ದನೆಯ ಬೋಲ್ಟುಗಳು ನೆನಪಿದೆಯಾ? ಅವೇ. ಸ್ಪ್ರಿಂಗಿನ ಮೇಲೆ ತೂಗುವ ಡ್ರಮ್ಮನ್ನು ಅವು ಅಲ್ಲಾಡದಂತೆ ಹಿಡಿಯುತ್ತವೆ. ಕಳೆದುಹೋಗಿದ್ದರೆ ಆ ಮಾಡೆಲಿಗೆ ಹೊಂದುವುದನ್ನು ಕೊಳ್ಳಲು ಸಿಗುತ್ತದಾ ನೋಡಿ. ಪೈಪ್ ಮತ್ತು ಫಿಲ್ಟರಿನಲ್ಲಿ ನಿಂತ ನೀರು ಬಸಿಯಿರಿ, ಇಲ್ಲದಿದ್ದರೆ ಅದು ಪಕ್ಕದ ಹಾಸಿಗೆಗೆ ಹೋಗುತ್ತದೆ.

ಪಿಯಾನೋ, ಅಕ್ವೇರಿಯಂ, ಲೋಹದ ತಿಜೋರಿ?

ಇವಕ್ಕೆ ಅದೇ ಕೆಲಸ ಮಾಡಿ ಗೊತ್ತಿರುವವರು ಬೇಕು. ನೆಟ್ಟಗೆ ನಿಲ್ಲುವ ಪಿಯಾನೋ 200ರಿಂದ 300 ಕೆಜಿ ಇರಬಹುದು, ಸಂಗೀತ ಕಛೇರಿಗೆ ಬಳಸುವ ದೊಡ್ಡ ಗ್ರಾಂಡ್ ಪಿಯಾನೋ 500ರ ಹತ್ತಿರ. ಅದರ ಸಣ್ಣ ಚಕ್ರಗಳು ಕೋಣೆಯೊಳಗೆ ಸ್ವಲ್ಪ ಸರಿಸುವುದಕ್ಕೆ, ಬೀದಿಯಲ್ಲಿ ತಳ್ಳುವುದಕ್ಕಲ್ಲ. ಹೊಸ ಜಾಗದ ಹವೆಗೆ ಒಗ್ಗಲು ಕೆಲವು ವಾರ ಬಿಟ್ಟು ಆಮೇಲೆ ಶ್ರುತಿ ಮಾಡಿಸಿ.

ಅಕ್ವೇರಿಯಂ ಪೂರ್ತಿ ಖಾಲಿ ಇರಬೇಕು, ಮರಳು ಕಲ್ಲು ಸಹಿತ. ಒಂದು ಲೀಟರ್ ನೀರು ಒಂದು ಕೆಜಿ. ಕಾಲು ಭಾಗ ಉಳಿಸಿಕೊಂಡರೂ ಎತ್ತುವಾಗ ನೀರು ತುಳುಕಿ ಗಾಜಿನ ಅಂಟು ಬಿಡುತ್ತದೆ. ತಿಜೋರಿ ಹೋಗುವ ದಾರಿಯಲ್ಲಿ ಟೈಲ್ಸ್ ಮೇಲೆ ಪ್ಲೈವುಡ್ ಹಾಸಲೇಬೇಕು. ಅಷ್ಟು ಭಾರ ಸಣ್ಣ ಚಕ್ರದ ಒಂದೇ ಬಿಂದುವಿಗೆ ಬಿದ್ದರೆ ಟೈಲ್ ಉಳಿಯುವುದಿಲ್ಲ.

ಗಾಡಿಯಲ್ಲಿ ಹೇಗೆ ಇಡುತ್ತಾರೆ ಅಂತ ನಾನು ನೋಡಬೇಕಾ?

ನೋಡಿ. ಭಾರದ್ದು ಕೆಳಗೆ, ಡ್ರೈವರ್ ಕಡೆಯ ಗೋಡೆಗೆ ಒತ್ತಿಕೊಂಡು, ಎಡಬಲ ಸಮವಾಗಿ ಇರಬೇಕು. ಒಂದು ಸಾಲು ಇಟ್ಟ ಮೇಲೆ ಪಟ್ಟಿ ಬಿಗಿದು ಮುಂದಿನ ಸಾಲಿಗೆ ಹೋಗಬೇಕು. ಸರಕು ಬಿಗಿಯುವ ಬಗ್ಗೆ ಇರುವ ಯುರೋಪಿನ ಮಾನದಂಡ ಇಎನ್ 12195-1 ರಸ್ತೆ ಸಾಗಣೆಯಲ್ಲಿ ಮುಂದಕ್ಕೆ ನೂಕುವ ಬಲವನ್ನು ಸರಕಿನ ತೂಕದ 0.8 ಪಟ್ಟು ಅಂತ ಹಿಡಿಯುತ್ತದೆ. ಅಂದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ 200 ಕೆಜಿ ಬೀರು 160 ಕೆಜಿ ಭಾರದಷ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ಬರೀ ಹಗ್ಗ ಸುತ್ತಿ 'ಏನೂ ಆಗಲ್ಲ' ಅಂದರೆ ಒಪ್ಪಬೇಡಿ, ಬಿಗಿಯುವ ಬೆಲ್ಟ್ ಎಲ್ಲಿ ಅಂತ ಕೇಳಿ.

ಶಿಫ್ಟಿಂಗ್ ದಿನ ನನ್ನ ಕೆಲಸ ಏನು?

ಎತ್ತಲು ಹೋಗಬೇಡಿ. ನಡುವೆ ಕೈ ಕೊಟ್ಟರೆ ಅವರ ಹಿಡಿತ ತಪ್ಪುತ್ತದೆ. ದಾರಿ ಖಾಲಿ ಇಡಿ, ಕಾಲಿಗೆ ಸಿಗುವ ಚಾಪೆ ತೆಗೆಯಿರಿ, ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ಒಂದು ಕೋಣೆಯಲ್ಲಿ ಬಿಡಿ. ಲಿಫ್ಟ್ ಬಳಸಲು ಅನುಮತಿ ಬೇಕಿದ್ದರೆ ಹಿಂದಿನ ದಿನವೇ ಪಡೆಯಿರಿ. ದುರಸ್ತಿ ಮಾಡಿಸಿದ ಕಾಲು, ಅಂಟು ಬಿಟ್ಟ ಕೈ ಇದ್ದರೆ ಬಂದ ತಕ್ಷಣ ತೋರಿಸಿ, ಅವರು ಅಲ್ಲಿ ಹಿಡಿಯುವುದಿಲ್ಲ.

ಹೊಸ ಮನೆಯಲ್ಲಿ ಯಾವ ಗೋಡೆಗೆ ಏನು ಅನ್ನುವ ಸಣ್ಣ ನಕ್ಷೆ ಬರೆದು ಬಾಗಿಲಿಗೆ ಅಂಟಿಸಿ. ಬೀರು ಇಳಿಸಿದ ಮೇಲೆ 'ಇಲ್ಲ, ಆ ಕೋಣೆಗೆ' ಅಂದರೆ ಯಾರಿಗೂ ಇಷ್ಟ ಆಗುವುದಿಲ್ಲ.

ಗೀರು ಬಿದ್ದಿದೆ, ಒಂದು ಕಾಲು ಮುರಿದಿದೆ. ಈಗ?

ಸಾಮಾನು ತಲುಪಿತು ಅನ್ನುವ ಹಾಳೆಗೆ ಸಹಿ ಮಾಡುವ ಮೊದಲು ಅದರ ಮೇಲೇ ಬರೆಯಿರಿ, ಯಾವ ವಸ್ತು, ಎಲ್ಲಿ, ಏನಾಗಿದೆ. 'ನಾಳೆ ನೋಡೋಣ ಬಿಡಿ' ಅಂದರೆ ಸುಮ್ನೆ ತಲೆಯಾಡಿಸಬೇಡಿ. ಹೊರಡುವ ಮೊದಲು ತೆಗೆದ ಫೋಟೋ ಇದ್ದರೆ ಜೊತೆಗೆ ಇಡಿ. ಸುತ್ತಿದ್ದ ಕಂಬಳಿ, ರಟ್ಟು ಎಸೆಯಬೇಡಿ, ಪೆಟ್ಟು ಎಲ್ಲಿಂದ ಬಿತ್ತು ಅನ್ನುವುದಕ್ಕೆ ಅದೂ ಸಾಕ್ಷಿ. ದೂರು ಕೊಡಲು ಒಪ್ಪಂದದಲ್ಲಿ ಗಡುವು ಇರುತ್ತದೆ, ಅದರೊಳಗೆ ಬರಹದಲ್ಲಿ ಕಳಿಸಿ. ಮುರಿದದ್ದನ್ನು ಅವರು ನೋಡುವ ಮೊದಲು ನೀವೇ ರಿಪೇರಿ ಮಾಡಿಸಬೇಡಿ.

ಏನೂ ಮುರಿದಿಲ್ಲ, ಆದರೆ ಬೀರುವಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಮೂವರ್ಸ್ ಹಾಳು ಮಾಡಿದರಾ?

ಹೆಚ್ಚಿನ ಸಲ ಅಲ್ಲ. ಹೊಸ ನೆಲ ಸಮವಾಗಿಲ್ಲ, ಬೀರು ಸ್ವಲ್ಪ ತಿರುಚಿಕೊಂಡಿದೆ. ಒಂದು ಕಾಲಿನ ಕೆಳಗೆ ತೆಳ್ಳಗಿನ ಮರದ ಚಕ್ಕೆ ಕೊಟ್ಟು ನೋಡಿ, ಬಾಗಿಲು ತಾನಾಗಿ ಸರಿಹೋಗಬಹುದು. ಹೊಸ ಜಾಗದಲ್ಲಿ ತೇವ ಜಾಸ್ತಿ ಇದ್ದರೆ ಮರ ಉಬ್ಬಿ ಡ್ರಾಯರ್ ಬಿಗಿಯಾಗುವುದೂ ಉಂಟು. ಬಡಗಿಯನ್ನು ಕರೆಸಿ ಅಂಚು ಹೆರೆಸಲು ಆತುರ ಪಡಬೇಡಿ, ಒಂದು ತಿಂಗಳು ಕಾಯಿರಿ. ಹೆರೆದ ಮೇಲೆ ಹವೆ ಒಣಗಿ ಮರ ಕುಗ್ಗಿದರೆ ಬಾಗಿಲ ನಡುವೆ ಸಂದು ಬೀಳುತ್ತದೆ, ಅದನ್ನು ಮುಚ್ಚಲು ಆಗುವುದಿಲ್ಲ.